ಕಾಳಿ ಪಂಚಮಿ ಕಂಪನಿಯ ಸತ್ಯವಂತ

ಹುಬ್ಬಳ್ಳಿಯ ಗೋಪನಕೊಪ್ಪದ ಆ ಮನೆಯ ಬಾಗಿಲು ಬಡಿದರೆ ಒಳಗಿನಿಂದ ಮೊದಲು ಬರುವುದು "ಯಾರು" ಎಂಬ ಪ್ರಶ್ನೆಯಲ್ಲ, "ಹುಕುಂದಾರ" ಎಂಬ ಗದರಿಕೆ. ಹೊಸಬರು ಬೆಚ್ಚಿಬೀಳುತ್ತಾರೆ. ಹಳಬರು ಹಲ್ಲು ಕಿರಿದು "ದೋಸ್ತ" ಎನ್ನುತ್ತಾರೆ. ಆಗ "ಆಗೇ ಬಢೋ ದೋಸ್ತ, ಸಬ್ ಠೀಕ್" ಎಂಬ ಅಪ್ಪಣೆಯಾಗಿ ಚಿಲಕ ತೆರೆಯುತ್ತದೆ. ಹಾಲಿನವನು, ಸಿಲಿಂಡರಿನವನು, ಕೊರಿಯರ್ ಹುಡುಗರು ಎಲ್ಲರಿಗೂ ಇದು ರೂಢಿಯಾಗಿಬಿಟ್ಟಿದೆ. ಚುನಾವಣೆಯ ಹೊತ್ತಿಗೆ ಮತ ಕೇಳಲು ಬಂದ ಒಬ್ಬ ದೊಡ್ಡ ಮನುಷ್ಯರು ಮಾತ್ರ ಉತ್ತರ ತಿಳಿಯದೆ, ಮುಚ್ಚಿದ ಬಾಗಿಲಿಗೇ ಕೈಮುಗಿದು ಹೊರಟುಹೋದರು. ಹೀಗೆ ಗದರುವವಳು ದಯಾವತಿ. ಎಂಬತ್ತೈದು ದಾಟಿದೆ, ಕಣ್ಣು ಮಂಜಾಗಿದೆ, ಗಂಟಲು ಮಾತ್ರ ಮಂಜಾಗಿಲ್ಲ.

ಆ ಗಂಟಲು ಮಗಳು ಫೇಬಿಗೆ ಬಡ್ಡಿ ಸಮೇತ ಬಂದಿದೆ. ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಆಯುಷ್ಯವೆಲ್ಲ ಪಿ.ಟಿ. ಕಲಿಸಿ ಈಚೆಗಷ್ಟೇ ನಿವೃತ್ತಳಾದ ಫೇಬಿ ಊರ ತುಂಬ 'ಪೀಟಿ ಅಕ್ಕಾರು' ಎಂದೇ ಪರಿಚಿತಳು. ಮದುವೆಯಾಗಲು ಪುರುಸೊತ್ತು ಸಿಗಲಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಾಳೆ. ನಿವೃತ್ತಿಯಾದರೂ ಸೀಟಿ ಪರ್ಸಿನಲ್ಲೇ ಇದೆ. ಚನ್ನಮ್ಮ ಸರ್ಕಲ್ಲಿನಲ್ಲಿ ಯಾವನಾದರೂ ಸಿಗ್ನಲ್ ಮುರಿದರೆ ಪೊಲೀಸರಿಗಿಂತ ಮೊದಲು ಅವಳ ಸೀಟಿ ಕೂಗುತ್ತದೆ. ತಲೆಗೆ ಒಂದು ಸಂಗತಿ ಹೊಕ್ಕಿತೆಂದರೆ ಕೂತಲ್ಲಿ ಕೂರುವವಳಲ್ಲ, ಬೇರೆಯವರನ್ನು ಕೂರಗೊಡುವವಳೂ ಅಲ್ಲ. ಈ ದನಿಯಿಂದ ಅವಳಿಗೊಂದು ನಷ್ಟವೂ ಆಗಿತ್ತು. ಚಿಕ್ಕವಳಿದ್ದಾಗ ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ಗಬ್ರಿಯೇಲ ದೂತನ ಪಾತ್ರಕ್ಕಾಗಿ ವರ್ಷವರ್ಷವೂ ಹಾತೊರೆದಳು. ದೇವದೂತ ಮೆಲ್ಲಗೆ ಮಾತಾಡಬೇಕು ಎಂದು ಅವಳಿಗೆ ಪ್ರತಿಸಲವೂ ಅಬ್ಬರಿಸುವ ಕ್ರೂರಿ ಹೆರೋದ ಅರಸನ ಪಾತ್ರವೇ ಗಂಟು ಬಿತ್ತು. ಗಬ್ರಿಯೇಲನ ಕೊರಳಿಗೆ ತೂಗುವ ಬಂಗಾರದ ಬಣ್ಣದ ಬಿಲ್ಲೆ ಅವಳ ಸ್ವಂತ ಅಜ್ಜನದೇ ಆಗಿತ್ತಾದ್ದರಿಂದ ಹೊಟ್ಟೆಯುರಿ ಇನ್ನಷ್ಟು ಹೆಚ್ಚು. ಅದನ್ನು ಹಾಕಿಕೊಂಡು ಮೆರೆದದ್ದು ಅವಳ ಜೊತೆಯ ಆಶೀಷ್. ಬೆಳ್ಳಗಿದ್ದ, ಮೆತ್ತಗೆ ಮಾತಾಡುತ್ತಿದ್ದ, ಅಷ್ಟೇ ಅವನ ಅರ್ಹತೆ.

ಆ ಅಜ್ಜನ ಹೆಸರು ಸತ್ಯವಂತ. ದಯಾವತಿಯ ಅಪ್ಪ, ಇದೇ ಊರಿನ ಕಮರಿಪೇಟೆಯವನು. ಮೊದಲ ಮಹಾಯುದ್ಧದ ಕಾಲಕ್ಕೆ ಒಂದು ದಿನ ಯಾರಿಗೂ ಹೇಳದೆ ಮನೆ ಬಿಟ್ಟವನು, ವರ್ಷಗಳು ಕಳೆದ ಮೇಲೆ ಒಣಕಲಾಗಿ ತಿರುಗಿ ಬಂದ. ಎಲ್ಲಿದ್ದೆಯೋ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ, ಕಂಪನ್ಯಾಗ ಇದ್ದೆ. ಹುಬ್ಬಳ್ಳಿ-ಧಾರವಾಡದಲ್ಲಿ, ಅದೂ ಆ ದಿನಗಳಲ್ಲಿ, ಕಂಪನಿ ಎಂದರೆ ಎರಡನೆಯ ಅರ್ಥವೇ ಇರಲಿಲ್ಲ. ಕಂಪನಿ ಎಂದರೆ ನಾಟಕ ಕಂಪನಿ. ಯಾವ ಕಂಪನಿ ಎಂದಾಗ 'ಕಾಳಿ ಪಂಚಮಿ' ಎಂದದ್ದು ಹಿರಿಯರ ಕಿವಿಗೆ ಬಿತ್ತು. ಮುಗಿಯಿತಲ್ಲ! ಮಿಶನ್ ಶಾಲೆಯಲ್ಲಿ ಓದಿದ ಕ್ರೈಸ್ತ ಹುಡುಗ, ಬಣ್ಣ ಹಚ್ಚಿಕೊಂಡು ಕಾಳಿಯ ನಾಟಕದಲ್ಲಿ ಕುಣಿದು ಬಂದಿದ್ದಾನೆ ಎಂದು ಊರು ತೀರ್ಮಾನ ಮಾಡಿತು. ಚರ್ಚಿನ ಸಭೆಯ ಹಿರಿಯರು ಅವನನ್ನು ಕರ್ತನ ಭೋಜನದಿಂದ, ಅಂದರೆ ರೊಟ್ಟಿ-ದ್ರಾಕ್ಷಾರಸದ ಪಂಕ್ತಿಯಿಂದ, ಹೊರಗಿಟ್ಟರು.

ಮುಂದೆ ನಿಷೇಧ ತೆಗೆದರೂ ಸತ್ಯವಂತ ಒಳಗೆ ಹೋಗಲಿಲ್ಲ. ಸಾಯುವತನಕ ಪ್ರತಿ ಭಾನುವಾರ ಚರ್ಚಿನ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, ಹೊರಗಿನಿಂದಲೇ ಹಾಡು ಕೇಳಿ ಎದ್ದುಬರುತ್ತಿದ್ದ. ಅವನು ಕೂರುತ್ತಿದ್ದ ಕಟ್ಟೆಯ ಮೇಲಿನ ಗೋಡೆಗೇ ಒಂದು ಕಲ್ಲು ಹಚ್ಚಿದ್ದರು. ಈ ಸಭೆಯಿಂದ ಯುದ್ಧಕ್ಕೆ ಹೋದವರ ಹೆಸರುಗಳ ಕಲ್ಲು. ಅದರಲ್ಲಿ ಅವನ ಹೆಸರಿರಲಿಲ್ಲ. ನಾಟಕದವನ ಹೆಸರು ಅಲ್ಲಿ ಹೇಗಿದ್ದೀತು?

ದಯಾವತಿ ಹುಟ್ಟಿದ್ದು ಅಪ್ಪನಿಗೆ ವಯಸ್ಸಾದ ಮೇಲೆ. ಶಾಲೆಯಲ್ಲಿ ಅವಳನ್ನು ನಾಟಕದವನ ಮಗಳು ಎಂದು ಅಣಕಿಸಿದರು. ಹೆಣ್ಣು ನೋಡಲು ಬಂದವರೂ ಅದನ್ನೇ ಕೇಳಿದರು. ಆದರೆ ಅಪ್ಪ ಅವಳಿಗೆ ಯುದ್ಧ ನಡೆದ ಇರಾಕಿನ ಬಸರಾ ಎಂಬ ಊರಿನ ಸುದ್ದಿ ಹೇಳಿದ್ದ. ಖರ್ಜೂರದ ತೋಪು, ಬಾಯಿ ತೆರೆಯಲು ಬಿಡದ ಮರಳುಗಾಳಿ, ನೀರಿಗೆ ಹೋಗಿ ಬಾರದೆ ಉಳಿದ ಗೆಳೆಯರು. ಕೊನೆಯ ಬೇನೆಯಲ್ಲಿ ಮಲಗಿದ್ದಾಗ, ಆ ಕಲ್ಲಿನ ಮೇಲೆ ತನ್ನ ಹೆಸರೂ ಇರಬೇಕಿತ್ತು ಎಂದು ಒಮ್ಮೆ ಬಾಯಿಬಿಟ್ಟಿದ್ದ. ಇನ್ನು ಬಾಗಿಲಲ್ಲಿ ನಿಂತು ಹುಕುಂದಾರ, ದೋಸ್ತ ಎನ್ನುವ ಆಟ ಅವಳಿಗೆ ಕಲಿಸಿದವನೂ ಅವನೇ. ಅದು ನಾಟಕದಲ್ಲಿ ಅರಮನೆಯ ಕಾವಲುಗಾರ ಆಡುವ ಮಾತು ಎಂದು ದಯಾವತಿ ನಂಬಿಕೊಂಡಿದ್ದಳು. ಮೊದಲು ಒಂದಿಷ್ಟು ದಿನ ನಾಟಕ, ಆಮೇಲೆ ಯುದ್ಧ ಎಂದು ಅಪ್ಪನ ಕಥೆಯನ್ನು ತಾನೇ ಹೊಂದಿಸಿಕೊಂಡಿದ್ದಳು.

ಕಳೆದ ಮಳೆಗಾಲದ ನಂತರ ಚರ್ಚಿನ ಗೋಡೆ ರಿಪೇರಿ ಮಾಡುವಾಗ ಆ ಕಲ್ಲು ಸೀಳಿತು. ಹೊಸ ಕಲ್ಲು ಕೆತ್ತಿಸುವುದೆಂದು, ಹಿಂದೆ ಬಿಟ್ಟುಹೋದ ಹೆಸರುಗಳಿದ್ದರೆ ಪುರಾವೆ ಸಮೇತ ತರಬಹುದೆಂದು ಒಂದು ಭಾನುವಾರ ಆರಾಧನೆಯ ಕೊನೆಗೆ ಓದಿ ಹೇಳಿದರು. ಕ್ರಿಸ್ಮಸ್ಸಿಗೆ ಮೊದಲು ಕಲ್ಲು ಕೆತ್ತುವವನ ಕೈಗೆ ಹೋಗಬೇಕು, ಹೊಸ ವರ್ಷದ ದಿನ ಗೋಡೆಗೆ ಕೂರಬೇಕು. ಅಂದು ಮನೆಗೆ ಬಂದ ದಯಾವತಿ ಊಟಕ್ಕೆ ಏಳಲಿಲ್ಲ. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾ ಸತ್ತ ಮ್ಯಾಲ ನನ್ನ ಹೆಸರು ಯಾ ಕಲ್ಲಿನ ಮ್ಯಾಲೂ ಬರಸಬ್ಯಾಡ. ಅಪ್ಪನ ಹೆಸರು ಮಾತ್ರ ನಾ ಇರೂದ್ರಾಗ ಬರ್ಲಿ. ಇಷ್ಟ ಮಾಡು ಫೇಬಿ, ಮುಂದ ನಿನಗೇನೂ ಕೇಳೂದಿಲ್ಲ."

ಕೇಳಿಸಿಕೊಂಡ ಫೇಬಿ ಮರುದಿನ ಬೆಳಿಗ್ಗೆಯೇ ಮೈದಾನಕ್ಕಿಳಿದಳು. ಸೇನೆಯ ದಾಖಲೆ ಎಂದರೆ ಕಪಾಟಿನ ಬಾಗಿಲು ತೆಗೆದು ಕೊಡುವಂಥದ್ದು ಎಂದುಕೊಂಡಿದ್ದಳು. ಒಂದು ಕಡೆ ಸಿಪಾಯಿ ನಂಬರು ಕೇಳಿದರು. ಇನ್ನೊಂದು ಕಡೆ ಪಲ್ಟಣದ ಹೆಸರು ಹೇಳಿ ಎಂದರು. ಪಿಂಚಣಿ ಪಡೆದವರ ಕಾಗದ ಮಾತ್ರ ಉಳಿದಿರುತ್ತದೆ, ಯುದ್ಧ ಮುಗಿಸಿ ಮನೆಗೆ ಹೋದವರದು ಇರುವುದಿಲ್ಲ ಎಂದು ಮತ್ತೊಂದು ಕಡೆಯಿಂದ ಉತ್ತರ ಬಂತು. ಮೊಬೈಲಿನಲ್ಲಿ ಹುಡುಕಿದರೆ ಆ ಯುದ್ಧದಲ್ಲಿ ತೀರಿಕೊಂಡವರ ಪಟ್ಟಿ ಉದ್ದಕ್ಕೂ ಸಿಗುತ್ತಿತ್ತು, ಊರು ಹೆಸರು ಸಮೇತ. ಅಜ್ಜ ಸತ್ತಿದ್ದರೆ ಸಲೀಸಾಗಿ ಸಿಗುತ್ತಿದ್ದ. ಬದುಕಿ ಬಂದದ್ದೇ ತಪ್ಪಾಯಿತು ಎಂದು ಫೇಬಿ ಸಿಟ್ಟಿನಿಂದ ಮೊಬೈಲನ್ನು ಸೋಫಾದ ಮೇಲೆ ಎಸೆದಳು, ಮತ್ತೆ ತಾನೇ ಹೋಗಿ ಎತ್ತಿಕೊಂಡಳು. ಸೈನ್ಯದ ಹಳೆಯ ಸುದ್ದಿ ಬಲ್ಲ ಒಬ್ಬರು ಫೋನಿನಲ್ಲಿ ಹೇಳಿದ್ದಂತೂ ಅವಳ ಕಾಲ ಕೆಳಗಿನ ನೆಲವನ್ನೇ ಅಲುಗಾಡಿಸಿತು. ಬೆಳಗಾವಿ ಕಡೆಯ ಪಲ್ಟಣಗಳಿಗೆ ಆಗ ಜಾತಿ ನೋಡಿ ಸೇರಿಸಿಕೊಳ್ಳುತ್ತಿದ್ದರು, ಹೆಚ್ಚಾಗಿ ಮರಾಠರನ್ನು. ಕನ್ನಡದ ಕ್ರೈಸ್ತ ಹುಡುಗನನ್ನು ಯಾಕೆ ತಗೊಂಡಾರು ಎಂದು ಅವರು ಕೇಳಿದ್ದರು. ಫೇಬಿ ಆ ಮಾತನ್ನು ಅವ್ವನಿಗೆ ಹೇಳಲಿಲ್ಲ.

ಕಲ್ಲಿನ ಕೆಲಸ ನೋಡಿಕೊಳ್ಳುವ ಕಮಿಟಿಯ ಕಾರ್ಯದರ್ಶಿ ಯಾರೆಂದಿರಿ, ಅದೇ ಆಶೀಷ್. ಬ್ಯಾಂಕಿನಿಂದ ನಿವೃತ್ತನಾಗಿದ್ದಾನೆ, ಈಗಲೂ ಮೆತ್ತಗೆ ಮಾತಾಡುತ್ತಾನೆ. ಬಸರಾ, ಖರ್ಜೂರ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಫೇಬಿ, ನೀ ಸುಳ್ಳ ಹೇಳ್ತಿ ಅಂತ ಯಾರೂ ಅನ್ನಾಕತ್ತಿಲ್ಲ. ಆದ್ರ ಹಾಳ್ಯಾಗ ಬರದದ್ದು ಅಳಸಾಕ ಬರ್ತೈತಿ, ಕಲ್ಲಿನ್ಯಾಗ ಕೆತ್ತಿದ್ದು ಬರೂದಿಲ್ಲ. ಕೈಯಾಗ ಹಿಡಿಯೂವಂಥಾದ್ದು ಏನರೆ ಒಂದ ತಗೊಂಡ ಬಾ."

ನ್ಯಾಯದ ಮಾತೇ. ಅದಕ್ಕೇ ಫೇಬಿಗೆ ಇನ್ನಷ್ಟು ಉರಿಯಿತು. ಡಿಸೆಂಬರ್ ಬಂತು, ಅರ್ಧವೂ ಆಯಿತು. ದಯಾವತಿ ಏನಾಯಿತೆಂದು ಕೇಳುವುದನ್ನು ಬಿಟ್ಟಳು. ಬಾಗಿಲು ಬಡಿದಾಗ ಗದರುವ ದನಿಯೂ ತಗ್ಗಿತು. ಹಾಲಿನವನು ಗಾಬರಿಯಾಗಿ ಅಜ್ಜಿಗೆ ಆರಾಮಿಲ್ಲವೇ ಎಂದು ವಿಚಾರಿಸಿದ.

ಹೀಗಿರುವಾಗ ಎಳ್ಳ ಅಮಾವಾಸ್ಯೆಯ ದಿನ ಧಾರವಾಡದ ಆಚೆಯ ಹೆಬ್ಬಳ್ಳಿಯಿಂದ ಹೊಲದೂಟಕ್ಕೆ ಕರೆ ಬಂತು. ಕರೆದವಳು ವಿಶಾಲ, ಶಾಲೆಯಲ್ಲಿ ಫೇಬಿ ಕಲಿಸಿದ ಖೋ-ಖೋ ತಂಡದಲ್ಲಿ ಆಡಿದವಳು. ಅವಳ ಅಪ್ಪ ಹೊಳೆಯಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದು ಈಗ ಊರಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಕಚೇರಿಗಳಿಗೆ ಬರೆಯುವ ಭರದಲ್ಲಿ ಅವರನ್ನು ಕೇಳಬಹುದೆಂದು ಫೇಬಿಗೆ ಹೊಳೆದೇ ಇರಲಿಲ್ಲ. ಫೇಬಿಗೆ ಹೋಗುವ ಮನಸ್ಸಿರಲಿಲ್ಲ. ಆ ದಿನವೇ ಸಂಜೆ ಕಮಿಟಿ ಸಭೆ, ಅದರ ಮರುದಿನ ಹೆಸರುಗಳು ಕಲ್ಲು ಕೆತ್ತುವವನಿಗೆ ಹೋಗುತ್ತವೆ. ಕೈಯಲ್ಲಿ ಏನೂ ಇಲ್ಲದೆ ಆ ಸಭೆಯಲ್ಲಿ ಕೂರುವುದಕ್ಕಿಂತ ಹೊಲದಲ್ಲಿ ಕೂರುವುದು ವಾಸಿ ಎಂದು ಅವ್ವನೇ ಎಬ್ಬಿಸಿಕೊಂಡು ಹೊರಟಳು. ಹೊಳೆಯಪ್ಪ ತಮ್ಮ ಬೊಲೆರೋ ಕಳಿಸಿದ್ದರು.

ಆಳೆತ್ತರದ ಜೋಳ. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ದಯಾವತಿಯನ್ನು ಕೂರಿಸಿದರು. ಹೊಳೆಯಪ್ಪ ಬುಟ್ಟಿ ಹಿಡಿದು, ಭೂತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಲು ಹೋದರು. ವಿಶಾಲ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಬಡಿಸತೊಡಗಿದಳು. ಬಿಸಿಲಿಗೆ ದಯಾವತಿಗೆ ಜೊಂಪು ಹತ್ತಿತ್ತು. ಚರಗ ಮುಗಿಸಿದ ಹೊಳೆಯಪ್ಪ ದಾರಿ ಸುತ್ತುವುದು ಬೇಡವೆಂದು ಜೋಳದ ನಡುವೆಯೇ ನುಗ್ಗಿ ಬಂದರು. ಒಣಗಿದ ಎಲೆಗಳ ಸರಬರ ಸದ್ದಾಯಿತು. ಮಂಪರಿನಲ್ಲಿದ್ದ ದಯಾವತಿ, ಮನೆಯ ಬಾಗಿಲೆಂದುಕೊಂಡಳೋ ಏನೋ, ಹಳೆಯ ಗಂಟಲಿನಲ್ಲಿ ಗದರಿದಳು.

"ಹುಕುಂದಾರ!"

ಜೋಳದೊಳಗಿನ ಹೆಜ್ಜೆ ನಿಂತುಬಿಟ್ಟಿತು. ಬುಟ್ಟಿ ಕೆಳಗೆ ಬಿದ್ದ ಸದ್ದಾಯಿತು. "ದೋಸ್ತ" ಎಂದು ಉತ್ತರ ಬಂತು. ಫೇಬಿ ತಿರುಗಿ ನೋಡಿದರೆ, ಧೋತರ ಉಟ್ಟ ಹೊಳೆಯಪ್ಪ ಜೋಳದ ಅಂಚಿನಲ್ಲಿ ಹಿಮ್ಮಡಿ ಜೋಡಿಸಿ, ಎದೆ ಸೆಟೆದು, ಎರಡೂ ಕೈ ತೊಡೆಗೆ ಹಚ್ಚಿ ನಿಂತಿದ್ದಾರೆ. ಆ ನಿಲುವನ್ನು ಅವಳು ಆಯುಷ್ಯವೆಲ್ಲ ಮಕ್ಕಳಿಗೆ ಕಲಿಸಿದವಳು. ಇಷ್ಟು ನೆಟ್ಟಗೆ ನಿಂತವರನ್ನು ಕಂಡಿರಲಿಲ್ಲ. ಆ ಉತ್ತರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಆಗೇ ಬಢೋ ದೋಸ್ತ, ಸಬ್ ಠೀಕ್," ಎಂದಳು ದಯಾವತಿ ಕಣ್ಣು ಮುಚ್ಚಿಕೊಂಡೇ.

ಹೊಳೆಯಪ್ಪ ಅವಳ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತರು. "ಅವ್ವಾರ, ಇದನ್ನ ಎಲ್ಲಿ ಕಲ್ತ್ರಿ?"

ಅಪ್ಪನ ನಾಟಕದ ಮಾತು, ಅರಮನೆಯ ಕಾವಲುಗಾರನ ಪಾರ್ಟು ಎಂದು ದಯಾವತಿ ಹೇಳಿದಳು. ಹೊಳೆಯಪ್ಪನಿಗೆ ನಗು ತಡೆಯಲಾಗಲಿಲ್ಲ. ನಾಟಕದ್ದಲ್ಲ, ಪಹರೆಯದು ಎಂದರು. ರಾತ್ರಿ ಕಾವಲಿನ ಸಿಪಾಯಿ ಸದ್ದು ಕೇಳಿದರೆ 'ಹೂ ಕಮ್ಸ್ ದೇರ್', ಯಾರಲ್ಲಿ, ಎಂದು ಕೂಗಬೇಕೆಂದು ಬ್ರಿಟಿಷರು ಕಲಿಸಿದ್ದರು. ನಮ್ಮ ಹುಡುಗರ ನಾಲಿಗೆಯಲ್ಲಿ ಅದು ಹುಕುಂದಾರ ಆಯಿತು. ತಾವೂ ಅದನ್ನೇ ಕೂಗಿ ಬಂದವರು. ಬಾಗಿಲಲ್ಲಿ ನಿಂತ ಹಾಲಿನವನಿಗೆ ಇಷ್ಟು ವರ್ಷ ತಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಇದೇ ಪ್ರಶ್ನೆ ಎಂದು ತಿಳಿದ ಫೇಬಿ, ರೊಟ್ಟಿ ಕೈಯಲ್ಲೇ ಹಿಡಿದು ಎದ್ದು ನಿಂತಳು.

"ನಿಮ್ಮ ತಂದಿಯವರದು ಯಾ ಪಲ್ಟಣರೀ?" ಎಂದು ಕೇಳಿದರು ಹೊಳೆಯಪ್ಪ.

"ಪಲ್ಟಣ ಗೊತ್ತಿಲ್ಲರಿ. ಕಂಪನಿ ಗೊತ್ತೈತಿ. ಕಾಳಿ ಪಂಚಮಿ."

ಹೊಳೆಯಪ್ಪ ಆ ಎರಡು ಶಬ್ದಗಳನ್ನು ಬಾಯೊಳಗೇ ಹೊರಳಿಸಿ ನೋಡಿದರು. ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಲಗೂನೆ. ಆಮೇಲೆ ತೊಡೆ ತಟ್ಟಿದರು.

"ಕಾಲೀ ಪಾಂಚವೀ. ಅವ್ವಾರ, ಅದು ನಾಟಕ ಅಲ್ರಿ, ಪಲ್ಟಣ. ಖರೇ ಖರೇ ಪಲ್ಟಣ."

ಮರಾಠಾ ರೆಜಿಮೆಂಟಿನ ಒಂದು ಪಲ್ಟಣಕ್ಕೆ ಸಿಪಾಯಿಗಳು ತಮ್ಮತಮ್ಮಲ್ಲಿ ಕರೆಯುತ್ತ ಬಂದ ಹೆಸರು ಅದು, ಕರಿ ಐದನೆಯದು ಎಂದರ್ಥ. ಕಾಗದದ ಮೇಲೆ ಆಗ ಅದಕ್ಕೆ ನೂರಾ ಐದು ಎಂಬ ಅಂಕಿಯಿತ್ತು. ಹೊಳೆಯಪ್ಪ ಅದೇ ರೆಜಿಮೆಂಟಿನ ಬೇರೊಂದು ಪಲ್ಟಣದಲ್ಲಿದ್ದವರು. ಕಾಲೀ ಪಾಂಚವೀ ಆ ಯುದ್ಧದಲ್ಲಿ ಬಸರಾ ಕಡೆ ಹೋಗಿತ್ತೆಂದು ಬೆಳಗಾವಿಯಲ್ಲಿ ಪ್ರತಿ ಹೊಸ ಸಿಪಾಯಿಗೂ ಹೇಳುತ್ತಾರೆ ಎಂದರು. ಇನ್ನು ಕಂಪನಿ ಎನ್ನುವುದು ಪಲ್ಟಣದ ಒಂದು ತುಕಡಿ. ಸತ್ಯವಂತ ಹೇಳಿದ್ದು ಒಂದು ಅಕ್ಷರವೂ ಸುಳ್ಳಲ್ಲ. ಕಂಪನ್ಯಾಗ ಇದ್ದೆ ಎಂದಿದ್ದ, ಕಂಪನಿಯಲ್ಲೇ ಇದ್ದ. ಊರಿಗೆ ನಾಟಕದ ಹುಚ್ಚು, ಊರ ಕಿವಿಗೆ ನಾಟಕವೇ ಕೇಳಿಸಿತು.

ದಯಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನಾಟಕದವನ ಮಗಳು ಎಂದು ಕರೆಸಿಕೊಂಡ ಹುಡುಗಿ ಆ ಎಂಬತ್ತೈದರ ಮೈಯೊಳಗೆ ಇನ್ನೂ ಇದ್ದಳು, ಅವಳಿಗೆ ಈ ಸುದ್ದಿ ಮುಟ್ಟಲು ಹೊತ್ತು ಹಿಡಿಯಿತು. ಫೇಬಿಗೆ ಮಾತ್ರ ಖುಷಿಯ ಜೊತೆಗೇ ಸಂಕಟ. ಇದೂ ಬಾಯಿಮಾತೇ ಅಲ್ಲವೇ? ಕೈಯಲ್ಲಿ ಹಿಡಿಯುವಂಥದ್ದು ತಾ ಎಂದಿದ್ದ ಆಶೀಷ್. ಅದನ್ನೇ ಹೊಳೆಯಪ್ಪನಿಗೆ ಹೇಳಿಕೊಂಡಳು.

"ಪದಕ ಇರ್ಬೇಕಲ್ರಿ ಅಕ್ಕಾರ. ಆ ಯುದ್ಧ ಮುಗಿಸಿ ಬಂದ ಮಂದಿಗೆ ಕೊಟ್ಟಿದ್ರು. ಬೆಳ್ಳೀದು ಇದ್ರ ಕರಗಿಸಿ ಬಿಟ್ಟಿರ್ತಾರ, ಅದನ್ನ ಬಿಡ್ರಿ. ಕಂಚಿಂದೂ ಒಂದು ಇರ್ತಿತ್ತು, ದುಂಡಗ. ಅದರ ಮ್ಯಾಲ ರೆಕ್ಕಿ ಬಿಚ್ಚಿ ನಿಂತ ಹೆಣಮಗಳು. ಅಂಚಿಗೆ ಸಿಪಾಯಿ ಹೆಸರು ಹೊಡದಿರ್ತಾರ."

ರೆಕ್ಕೆ ಬಿಚ್ಚಿ ನಿಂತ ಹೆಣ್ಣು. ಫೇಬಿಯ ಕೈಯಿಂದ ರೊಟ್ಟಿ ಜಾರಿತು. ಚಿಕ್ಕಂದಿನಲ್ಲಿ ವರ್ಷವರ್ಷವೂ ನೋಡಿ ಹೊಟ್ಟೆ ಉರಿಸಿಕೊಂಡ ಆ ಬಿಲ್ಲೆ, ರೆಕ್ಕೆಯ ಚಿತ್ರವಿದೆಯೆಂದೇ ದೇವದೂತನ ಕೊರಳಿಗೆ ಹೋದ ಆ ಬಿಲ್ಲೆ! ನಾಟಕದ ವಸ್ತು ಮನೆಯಲ್ಲಿ ಬೇಡ, ಕರ್ತನ ನಾಟಕಕ್ಕಾದರೂ ಬರಲಿ ಎಂದು ಸತ್ಯವಂತನ ಹೆಂಡತಿ, ಫೇಬಿಯ ಅಜ್ಜಿ, ಚರ್ಚಿನ ಟ್ರಂಕಿಗೆ ಹಾಕಿದ್ದ ಬಿಲ್ಲೆ. ಯಾವುದಕ್ಕಾಗಿ ಆ ಕಚೇರಿ ಈ ಕಚೇರಿ ಎಂದು ಬರೆದು ಬರೆದು ಸೋತಿದ್ದಳೋ, ಅದು ಕಮಿಟಿಯವರ ಮೂಗಿನ ಕೆಳಗೇ ಪ್ರತಿ ಕ್ರಿಸ್ಮಸ್ಸಿಗೆ ಕುಣಿಯುತ್ತಿತ್ತು.

"ಗಾಡಿ ತಗೀರಿ ಸುಬೇದಾರ್ರ," ಎಂದಳು. ಹೋಳಿಗೆ ತಿಂದು ಹೊರಡಿರೆಂದು ವಿಶಾಲ ಗೋಗರೆದಳು. ಹೋಳಿಗೆಯನ್ನು ಕಟ್ಟಿಸಿಕೊಂಡೇ ಹೊರಟರು.

ಹೊಳೆಯಪ್ಪನಿಗೂ ಹುರುಪು ಬಂದಿತ್ತು. ಧಾರವಾಡ ದಾಟಿದ ಮೇಲೆ ಬೊಲೆರೋ ತನ್ನದೇ ಹಾದಿಯಲ್ಲಿ ಓಡುವ ಚಿಗರಿ ಬಸ್ಸಿನ ಜೊತೆ ಪಂತಕ್ಕೆ ಬಿದ್ದ ಹಾಗೆ ಓಡಿತು. ನವಲೂರಿನ ಬಳಿ ಅಡ್ಡ ಬಂದ ಟ್ರ್ಯಾಕ್ಟರಿಗೆ ಫೇಬಿ ಕಿಟಕಿಯಿಂದಲೇ ಸೀಟಿ ಊದಿ ದಾರಿ ಬಿಡಿಸಿದಳು. ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ದಯಾವತಿ ಕಾಲೀ ಪಾಂಚವೀ, ಕಾಲೀ ಪಾಂಚವೀ ಎಂದು ನಾಲಿಗೆಗೆ ಹೊಸ ಉಚ್ಚಾರ ರೂಢಿ ಮಾಡಿಸುತ್ತಿದ್ದಳು. ಬಣ್ಣ ಬಳಿದ ಆ ಬಿಲ್ಲೆ ಬೇರೆ ಏನೋ ಆಗಿದ್ದರೆ, ನಿಜವಾಗಿಯೂ ನಾಟಕದ್ದೇ ಆಗಿದ್ದರೆ ಎಂಬ ಭಯ ಉಣಕಲ್ಲ ಕೆರೆಯ ಹತ್ತಿರ ಬರುವಾಗ ಫೇಬಿಗೆ ಬಂತು. ಅವಳು ಇನ್ನೂ ಜೋರಾಗಿ ಓಡಿಸಿರೆಂದಳು.

ಚರ್ಚಿನ ಹಾಲ್‌ನಲ್ಲಿ ಕ್ರಿಸ್ಮಸ್ ನಾಟಕದ ತಾಲೀಮು ನಡೆದಿತ್ತು. ಕಮಿಟಿಯವರು ಸಭೆಗೆ ಮುಂಚೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಆಶೀಷನ ಮೊಮ್ಮಗಳು ಶ್ಯಾರನ್ ಗಬ್ರಿಯೇಲಳಾಗಿ, ಮೆತ್ತಗಿನ ದನಿಯಲ್ಲಿ, ಭಯಪಡಬೇಡ ಮರಿಯಳೇ ಎನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಸೀಟಿ ಊದಿತು. ಮರಿಯಳೂ ಕುರುಬರೂ ಇದ್ದಲ್ಲೇ ಅಟೆನ್ಷನ್ ನಿಂತರು. ಎಲ್ಲರೂ ಅವಳ ಹತ್ತಿರವೇ ಪಿ.ಟಿ. ಕಲಿತ ಮಕ್ಕಳು.

ಫೇಬಿ ನೇರವಾಗಿ ಹೋಗಿ ದೇವದೂತನ ಕೊರಳಿನಿಂದ ಬಿಲ್ಲೆ ಬಿಚ್ಚಿಕೊಂಡಳು. ವರ್ಷಕ್ಕೊಂದು ಸಲ ಬಳಿದ ಬಂಗಾರದ ಬಣ್ಣ ಅಂಗುಲ ದಪ್ಪವೆನಿಸುವ ಹಾಗೆ ಕೂತಿತ್ತು. ರೆಕ್ಕೆಯ ಉಬ್ಬು ಬಿಟ್ಟರೆ ಏನೂ ತೋರುತ್ತಿರಲಿಲ್ಲ. ಗೋಡೆಗೆ ಬಣ್ಣ ಹೊಡೆಯುವವರು ಮೂಲೆಯಲ್ಲಿಟ್ಟಿದ್ದ ಥಿನ್ನರ್ ಡಬ್ಬಿಯನ್ನು ಹೊಳೆಯಪ್ಪ ತಂದರು. ಏನು ನಡೆದಿದೆ ಎಂದು ಆಶೀಷ್ ಕೇಳುತ್ತಲೇ ಇದ್ದ, ಹೊಳೆಯಪ್ಪ ಪಲ್ಟಣದ, ಪದಕದ ಸಂಗತಿ ಹೇಳುತ್ತಲೇ ಇದ್ದರು, ಫೇಬಿ ಅರಿವೆ ಅದ್ದಿ ಉಜ್ಜುತ್ತಲೇ ಇದ್ದಳು. ಬಂಗಾರ ಕರಗಿತು. ಅದರ ಕೆಳಗೆ ಇನ್ನೂ ಹಳೆಯ ಬಂಗಾರ. ಎಲ್ಲದರ ಕೆಳಗೆ ಬೇರೆಯೇ ಒಂದು ಬಣ್ಣ, ದಪ್ಪನೆಯ ಕರಿ ವಾರ್ನೀಸು, ಅಂಚಿಗೆ ಮಾತ್ರ, ಬೇಕೆಂದೇ ಬಳಿದ ಹಾಗೆ. ಅದು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಕಂಚು ಮಿನುಗಿತು, ಅಕ್ಷರಗಳು ಎದ್ದವು. ಆಶೀಷ್ ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ಓದಿದ. ಒಂದು ನಂಬರು, ಸಿಪಾಯಿ, ನೂರಾ ಐದು ಮರಾಠಾ. ಆಮೇಲೆ ಅವನ ದನಿ ಇಳಿಯಿತು.

"ಫೇಬಿ, ಇಲ್ಲಿ ಸತ್ವಾಜಿ ಕಮರಿಕರ ಅಂತ ಐತಲ್ಲ."

ಸತ್ವಾಜಿ. ಯಾವನೋ ಮರಾಠರ ಸತ್ವಾಜಿ. ಫೇಬಿಯ ಮೈಯೊಳಗಿನ ಬಿಸಿ ಒಮ್ಮೆಲೇ ಆರಿತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಅವ್ವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಆದರೆ ದಯಾವತಿ ಕೈಚಾಚಿ ಬಿಲ್ಲೆ ಇಸಿದುಕೊಂಡಳು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಕಮರಿಪ್ಯಾಟ್ಯಾವನಿಗೆ ಮರಾಠಿ ಕಾರಕೂನ ಮತ್ತೇನಂತ ಬರಕೋಬೇಕ? ಕಮರಿಕರ. ಸತ್ಯವಂತನ್ನ ಸತ್ವಾಜಿ ಮಾಡ್ಯಾನ. ಇಲ್ಲಾ, ನಮ್ಮಪ್ಪ ತಾನ ಹಂಗ ಹೇಳಿರ್ಬೇಕು. ಮಿಶನ್‌ದಾವ್ರು ಇಟ್ಟ ಖರೇ ಹೆಸರು ಹೇಳಿದ್ರ ಪಲ್ಟಣದಾಗ ತಗೋತಿರಲಿಲ್ಲ. ಊರಿಗೆ ಬಂದ ಮ್ಯಾಲ ಇದನ್ನ ತೋರಿಸಿದ್ರ ಹಿರ್ಯಾರು ಕ್ರಿಸ್ತನ ಹೆಸರು ಬಿಟ್ಟು ಬಂದಾನ ಅಂತಿದ್ರು. ಅದಕ್ಕ ಅಂವಾ ತಾನ ಕರೀ ಬಣ್ಣ ಬಳದು ಮುಚ್ಚಿದ. ನಾಟಕದಾಂವ ಅಂದ್ರೂ ಸುಮ್ಮನಿದ್ದ."

ಫೇಬಿಗೆ ಫೋನಿನಲ್ಲಿ ಕೇಳಿದ, ಕ್ರೈಸ್ತ ಹುಡುಗನನ್ನು ಯಾಕೆ ತಗೊಂಡಾರು ಎಂಬ ಪ್ರಶ್ನೆ ನೆನಪಾಯಿತು. ಉತ್ತರ ಅವ್ವನ ಹೆಬ್ಬೆರಳ ಕೆಳಗಿತ್ತು. ಅಜ್ಜನ ಮೇಲೆ ಅವಳಿಗೆ ಕನಿಕರ ಉಕ್ಕಿತು, ಸಿಟ್ಟೂ ಬಂತು. ಅಷ್ಟು ದೂರದ ಯುದ್ಧಕ್ಕೆ ಹೆದರದವನು ನಾಲ್ಕು ಜನ ಹಿರಿಯರಿಗೆ ಹೆದರಿ ಇಡೀ ಆಯುಷ್ಯ ಕಟ್ಟೆಯ ಮೇಲೆ ಕೂತನಲ್ಲ!

ಇದು ಊಹೆ, ಪುರಾವೆಯಲ್ಲ, ಸತ್ವಾಜಿಯೇ ಸತ್ಯವಂತ ಎನ್ನಲು ಸಾಕ್ಷಿ ಬೇಕು ಎಂದು ಕಮಿಟಿಯ ಒಬ್ಬರು ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು. ಎಲ್ಲರೂ ಆಶೀಷನತ್ತ ನೋಡಿದರು. ಅವನು ಕನ್ನಡಕ ತೆಗೆದು ಒರೆಸುತ್ತಿದ್ದ.

"ಸಾಕ್ಷಿ ನಾನ ಅದೇನಿ," ಎಂದ. "ಇದನ್ನ ನನ್ನ ಕೊಳ್ಳಿಗೆ ಕಟ್ಟುವಾಗ ನಮ್ಮವ್ವ ಪ್ರತಿ ಸಲ ಹೇಳ್ತಿದ್ಲು, ಇದು ಸತ್ಯವಂತಜ್ಜನ ಬಿಲ್ಲಿ, ಕಳದೀ ಮತ್ತ, ಅಂತ. ಈ ಚರ್ಚಿನ್ಯಾಗ ಇದಕ್ಕ ಬ್ಯಾರೆ ಹೆಸರ ಇಲ್ಲ. ಬೇಕಾದ್ರ ಮೊಮ್ಮಗಳನ್ನ ಕೇಳ್ರಿ."

ಶ್ಯಾರನ್‌ಳನ್ನು ಕೇಳಿದರು. ಅವಳೂ ಅದನ್ನೇ ಹೇಳಿದಳು, ಸತ್ಯವಂತಜ್ಜನ ಬಿಲ್ಲೆ. ಎಷ್ಟೋ ವರ್ಷದಿಂದ ಆ ಚರ್ಚಿನ ಮಕ್ಕಳೆಲ್ಲ ಬಾಯಿಪಾಠ ಮಾಡಿಕೊಂಡು ಬಂದ ಸಾಕ್ಷಿಯನ್ನು ಯಾರೂ ಸಾಕ್ಷಿಯೆಂದು ಎಣಿಸಿರಲಿಲ್ಲ. ಗಂಟಲು ಸರಿಪಡಿಸಿಕೊಂಡವರೂ ಚಿಕ್ಕಂದಿನಲ್ಲಿ ಒಮ್ಮೆ ಗಬ್ರಿಯೇಲರಾಗಿದ್ದರಂತೆ. ಅವರು ಮತ್ತೆ ಗಂಟಲು ಸರಿಪಡಿಸಿಕೊಳ್ಳಲಿಲ್ಲ.

ಯಾವ ಹೆಸರು ಕೆತ್ತಿಸಬೇಕು ಎಂದು ಆಶೀಷ್ ಕೇಳಿದ. ಸತ್ಯವಂತ ಎಂದೇ ಇರಲಿ, ಕೆಳಗೆ ಕಂಪನಿಯ ಹೆಸರೂ ಇರಲಿ ಎಂದಳು ದಯಾವತಿ. ಕಾಳಿ ಪಂಚಮಿ ತಾನೇ ಎಂದು ಅವನು ಬರೆದುಕೊಳ್ಳಲು ಹೋದರೆ, ಮುದುಕಿ ಹೆಬ್ಬಳ್ಳಿಯಿಂದ ದಾರಿಯುದ್ದಕ್ಕೂ ಕಲಿತ ಉಚ್ಚಾರದಲ್ಲಿ ತಿದ್ದಿದಳು. ಆಮೇಲೆ ಎಲ್ಲರೂ ಹೋಳಿಗೆ ತಿಂದರು. ಬಿಲ್ಲೆಯನ್ನು ಮತ್ತೆ ದೇವದೂತನ ಕೊರಳಿಗೆ ಕಟ್ಟಿದರು. ಈ ಸಲ ಬಣ್ಣ ಬಳಿಯಲಿಲ್ಲ.

ಹೊಸ ವರ್ಷದ ಬೆಳಿಗ್ಗೆ ಆರಾಧನೆಗೆ ಮೊದಲು ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ಹೊಳೆಯಪ್ಪ ಎದೆಯ ತುಂಬ ಪದಕ ಹಚ್ಚಿಕೊಂಡು ಹೆಬ್ಬಳ್ಳಿಯಿಂದ ಬಂದಿದ್ದರು. ದಯಾವತಿಗೆ ಓದಲು ಕಣ್ಣಿರಲಿಲ್ಲ. ಫೇಬಿ ಅವಳ ಬೆರಳು ಹಿಡಿದು ಕೊನೆಯ ಸಾಲಿಗೆ ಒಯ್ದಳು. ಬೆರಳು ಒಂದೊಂದೇ ಅಕ್ಷರವನ್ನು ತಡವಿಕೊಂಡು ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೋಯಿತು. ಅವಳ ಮುಂದೆಯೇ ಅಪ್ಪ ಕೂರುತ್ತಿದ್ದ ಕಟ್ಟೆ.

ದಯಾವತಿ ಕಟ್ಟೆಯ ಕಡೆ ಮುಖ ಮಾಡಿ ಕೇಳಿದಳು, ಮೆತ್ತಗೆ.

"ಹುಕುಂದಾರ."

ಉತ್ತರ ಯಾರು ಕೊಡಬೇಕೆಂದು ಫೇಬಿಗೆ ಗೊತ್ತಿತ್ತು. ಆದರೆ ಚನ್ನಮ್ಮ ಸರ್ಕಲ್ಲಿಗೆ ಕೇಳುವ ಆ ಗಂಟಲಿನಿಂದ ಕೊನೆಗೆ ಬಂದದ್ದು ಸಣ್ಣ ದನಿ, ಗಬ್ರಿಯೇಲನ ಪಾತ್ರಕ್ಕೆ ಹಿಂದೆ ಬೇಕಾಗಿದ್ದಂಥದ್ದು.

"ದೋಸ್ತ."

"ಆಗೇ ಬಢೋ ದೋಸ್ತ," ಎಂದಳು ದಯಾವತಿ, "ಸಬ್ ಠೀಕ್." ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಟ್ಟೆಯ ಮೇಲಿನವನಿಗೆ ದಾರಿ ಬಿಟ್ಟು, ಸ್ವಲ್ಪ ಹೊತ್ತು ತಡೆದು, ಆಮೇಲೆ ತಾನೂ ಒಳಗೆ ಹೋದಳು.